ಬಾಗುವ ಬೆನ್ನು



ದಿನಾ ಸಂಜೆ ನಾವು ಇಲ್ಲಿ ಸೇರುತ್ತೇವೆ. ಅಕ್ಷರ ಕಲಿಯುತ್ತೇವೆ. ಲೆಕ್ಕ ಕಲಿಯುತ್ತೇವೆ. ಇವತ್ತು ಸ್ಲೇಟು ಸ್ವಲ್ಪ ಹೊತ್ತು ಪಕ್ಕದಲ್ಲಿರಲಿ. ಇವತ್ತಿನ ಪಾಠ ನಮ್ಮ ಬೆನ್ನಲ್ಲೇ ಇದೆ.

ಮುಂದೆ ಕೂತ ಅಕ್ಕನ ಬೆನ್ನ ಮೇಲೆ ಕೈಯಿಡಿ. ನಾಚಿಕೆ ಬೇಡ. ಕುತ್ತಿಗೆಯ ಬುಡದಿಂದ ಸೊಂಟದವರೆಗೆ ಮೆಲ್ಲಗೆ ಬೆರಳಾಡಿಸಿ. ಗಂಟು ಗಂಟಾಗಿ ಸಿಗುತ್ತದೆ, ಅಲ್ವಾ? ಕಬ್ಬಿನ ಗಿಣ್ಣಿನ ಹಾಗೆ. ಅದೇ ಬೆನ್ನುಮೂಳೆ.

ಬೆನ್ನುಮೂಳೆ ಅಂದರೆ ಒಂದೇ ಉದ್ದನೆಯ ಮೂಳೆ ಅಂತ ಬಹಳ ಜನ ತಿಳಿದಿದ್ದಾರೆ. ಹಾಗಲ್ಲ. ಒಂದೇ ಮೂಳೆ ಆಗಿದ್ದರೆ ನಾವು ಒನಕೆಯ ಹಾಗೆ ನೆಟ್ಟಗೆ ನಿಂತೇ ಇರಬೇಕಿತ್ತು. ಬಗ್ಗಿ ಕಸ ಗುಡಿಸೋಕೆ ಆಗುತ್ತಿರಲಿಲ್ಲ. ಕಡ್ಲೆಕಾಯಿ ಗಿಡ ಕೀಳೋಕೆ ಆಗುತ್ತಿರಲಿಲ್ಲ. ಅಳುವ ಮಗುವನ್ನು ಎತ್ತಿಕೊಳ್ಳೋಕೂ ಆಗುತ್ತಿರಲಿಲ್ಲ.

ನಮ್ಮ ಬೆನ್ನು ಬಾಗುತ್ತದೆ. ಬಾಗಿ ಮತ್ತೆ ನೆಟ್ಟಗಾಗುತ್ತದೆ. ಅದೇ ಅದರ ದೊಡ್ಡ ಗುಣ. ಆ ಗುಣ ಎಲ್ಲಿಂದ ಬಂತು? ನಮ್ಮ ಕಡೆ ಅದು ಹೇಗೆ ಹಾಳಾಗ್ತಿದೆ? ಇವತ್ತು ಅದನ್ನು ತಿಳಿಯೋಣ.

ಸ್ಲೇಟು ನೋಡಲಾಗದ ಅಜ್ಜಿ

ಮೊದಲು ಒಂದು ಸಂಗತಿ ಹೇಳುತ್ತೇವೆ. ನಾವು ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳಲ್ಲಿ ಪಾಠ ಹೇಳುವವರು. ಪಾವಗಡದ ಕಡೆ ಒಂದು ಊರಿನಲ್ಲಿ ನಮ್ಮ ಕಲಿಕಾ ಕೇಂದ್ರಕ್ಕೆ ಒಬ್ಬ ಅಜ್ಜಿ ಬರುತ್ತಿದ್ದರು. ಎಲ್ಲರೂ ಚಾಪೆಯ ಮೇಲೆ ಕೂತರೆ ಅವರು ಜಗಲಿಯ ಮೇಲೆ ಕೂರುತ್ತಿದ್ದರು. ನೆಲಕ್ಕೆ ಕೂರೋಕೆ ಆಗುತ್ತಿರಲಿಲ್ಲ. ಸ್ಲೇಟನ್ನು ತೊಡೆಯ ಮೇಲೆ ಇಟ್ಟುಕೊಳ್ಳುತ್ತಿರಲಿಲ್ಲ. ಮುಖದ ಎದುರಿಗೆ ಎತ್ತಿ ಹಿಡಿಯುತ್ತಿದ್ದರು.

"ಯಾಕಜ್ಜಿ, ಕೈ ನೋಯಲ್ವಾ?" ಅಂತ ಕೇಳಿದೆವು.

"ಕೈ ನೋಯುತ್ತಪ್ಪಾ. ಏನ್ ಮಾಡಲಿ, ತಲೆ ಬಗ್ಗಲ್ಲ. ನನ್ನ ಕಾಲು ನಾನೇ ನೋಡಿ ಎಷ್ಟೋ ವರ್ಷ ಆಯ್ತು. ಎಲ್ಲಾ ಹಣೆಬರಹ" ಅಂದರು.

ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ ಅಂತ ನಾವೂ ಮೊದಲು ಅಂದುಕೊಂಡೆವು. ಆಮೇಲೆ ಅದೇ ಕೇರಿಯ ಮಕ್ಕಳ ಹಲ್ಲು ನೋಡಿದೆವು. ಅಡ್ಡಡ್ಡ ಕಂದು ಗೆರೆ. ಆಗ ನಮಗೆ ಅರ್ಥವಾಯಿತು. ಅಜ್ಜಿಯದು ಹಣೆಬರಹ ಅಲ್ಲ. ಅದು ನೀರು.

ನೀರಿಗೂ ಬೆನ್ನಿಗೂ ಏನು ಸಂಬಂಧ? ಹೇಳುತ್ತೇವೆ. ಮೊದಲು ಬೆನ್ನು ಹೇಗಿದೆ ಅಂತ ನೋಡೋಣ.

ಎಣಿಸಿ ನೋಡೋಣ

ಈಗ ಸ್ಲೇಟು ತೆಗೆದುಕೊಳ್ಳಿ. ಒಂದು ಲೆಕ್ಕ ಮಾಡೋಣ.

ಕುತ್ತಿಗೆಯಲ್ಲಿ 7 ಮೂಳೆ.
ಎದೆಯ ಹಿಂದೆ, ಬೆನ್ನಿನಲ್ಲಿ 12 ಮೂಳೆ.
ಸೊಂಟದಲ್ಲಿ 5 ಮೂಳೆ.
ಸೊಂಟದ ಕೆಳಗೆ, ಕುಂಡೆಗಳ ನಡುವೆ 5 ಮೂಳೆ.
ಕೊನೆಯಲ್ಲಿ, ಬಾಲದ ಮೂಳೆ 4.

ಕೂಡಿ. ಎಷ್ಟಾಯಿತು? 33. ಮಗು ಹುಟ್ಟುವಾಗ ಅದರ ಬೆನ್ನಿನಲ್ಲಿ 33 ಮೂಳೆ ಇರುತ್ತದೆ. ಮಗು ಬೆಳೆದು ದೊಡ್ಡದಾಗುವಾಗ ಕೆಳಗಿನ 5 ಮೂಳೆ ಕೂಡಿಕೊಂಡು ಒಂದಾಗುತ್ತದೆ. ಬಾಲದ 4 ಮೂಳೆಯೂ ಸಾಮಾನ್ಯವಾಗಿ ಕೂಡಿಕೊಂಡು ಒಂದಾಗುತ್ತದೆ. ಈಗ ಮತ್ತೆ ಕೂಡಿ. 7, 12, 5, 1, 1. ಒಟ್ಟು 26. ನಮ್ಮ ನಿಮ್ಮ ಬೆನ್ನಿನಲ್ಲಿ ಇರೋದು ಇಷ್ಟು.

ಕುತ್ತಿಗೆಯ ಮೊದಲ ಎರಡು ಮೂಳೆ ಬಹಳ ಚೆಂದ. ಮೊದಲನೆಯದರ ಮೇಲೆ ತಲೆ ಕೂತಿದೆ. ನಾವು ತಲೆ ಮೇಲೆ ಕೆಳಗೆ ಆಡಿಸಿ "ಹೂಂ" ಅನ್ನುವುದು ಅಲ್ಲಿಂದ. ಎರಡನೆಯದರಲ್ಲಿ ಒಂದು ಗೂಟ ಇದೆ. ಮೊದಲನೆಯದು ಆ ಗೂಟದ ಸುತ್ತ ತಿರುಗುತ್ತದೆ. ತಲೆ ಆ ಕಡೆ ಈ ಕಡೆ ಆಡಿಸಿ "ಊಹೂಂ" ಅನ್ನುವುದು ಅಲ್ಲಿಂದ. ನಮಗೆ ಹೆಂಗಸರಿಗೆ ಮೊದಲನೇ ಮೂಳೆಯ ಕೆಲಸ ಜಾಸ್ತಿ ಮಾಡಿಸಿದ್ದಾರೆ. ಎರಡನೆಯದಕ್ಕೂ ಕೆಲಸ ಕೊಡೋದನ್ನು ಕಲಿಯಬೇಕು.

ಎದೆಯ ಹಿಂದಿನ 12 ಮೂಳೆಗೆ ಪಕ್ಕೆಲುಬುಗಳು ಸೇರಿಕೊಂಡಿವೆ. ಆ ಕಡೆ 12, ಈ ಕಡೆ 12. ಸೊಂಟದ 5 ಮೂಳೆ ಎಲ್ಲಕ್ಕಿಂತ ದಪ್ಪ. ಯಾಕೆ? ಮೇಲಿನ ಭಾರವೆಲ್ಲ ಅವುಗಳ ಮೇಲೆ ಬೀಳುತ್ತದೆ. ಅದಕ್ಕೇ ನೋವು ಬರುವುದೂ ಅಲ್ಲೇ ಜಾಸ್ತಿ.

ಕೊಡ ಮತ್ತು ಸಿಂಬೆ

ತಲೆಯ ಮೇಲೆ ಕೊಡ ಹೊರುವಾಗ ಏನು ಮಾಡುತ್ತೀರಿ? ಸಿಂಬೆ ಇಟ್ಟುಕೊಳ್ಳುತ್ತೀರಿ. ಸಿಂಬೆ ಇಲ್ಲದಿದ್ದರೆ ತಲೆಗೆ ಒತ್ತುತ್ತದೆ. ಬೆನ್ನಿನಲ್ಲೂ ಹಾಗೇ. ಒಂದು ಮೂಳೆಗೂ ಇನ್ನೊಂದು ಮೂಳೆಗೂ ನಡುವೆ ಒಂದು ಮೆತ್ತೆ ಇದೆ. ಇದನ್ನು ಡಾಕ್ಟರು ಡಿಸ್ಕ್ ಅನ್ನುತ್ತಾರೆ. ನಾವು ಬೆನ್ನಿನ ಸಿಂಬೆ ಅನ್ನೋಣ.

ಈ ಸಿಂಬೆಯ ಹೊರಗಡೆ ನಾರು ನಾರಾಗಿ ಗಟ್ಟಿ ಇರುತ್ತದೆ. ಒಳಗೆ ಎಳನೀರಿನ ಗಂಜಿಯ ಹಾಗೆ ಲೋಳೆ ಇರುತ್ತದೆ. ಬಗ್ಗಿದಾಗ ಅದು ಒಂದು ಕಡೆ ಅದುಮಿಕೊಳ್ಳುತ್ತದೆ. ನೆಟ್ಟಗಾದಾಗ ಮತ್ತೆ ಸರಿಯಾಗುತ್ತದೆ. ಹಗಲೆಲ್ಲ ನಿಂತು, ನಡೆದು, ಭಾರ ಹೊತ್ತು ಈ ಸಿಂಬೆಗಳು ಸ್ವಲ್ಪ ನೀರು ಬಿಟ್ಟು ತೆಳ್ಳಗಾಗುತ್ತವೆ. ರಾತ್ರಿ ನಾವು ಮಲಗಿದಾಗ ನೀರು ಹೀರಿಕೊಂಡು ಮತ್ತೆ ಉಬ್ಬುತ್ತವೆ. ಅದಕ್ಕೇ ನಾವೆಲ್ಲ ಬೆಳಿಗ್ಗೆ ಎದ್ದಾಗ ಸಂಜೆಗಿಂತ ಒಂದು ಸೆಂಟಿಮೀಟರಿನಷ್ಟು ಎತ್ತರ ಇರುತ್ತೇವೆ. ನಂಬಿಕೆ ಬರಲ್ವಾ? ಗೋಡೆಗೆ ನಿಂತು ಬೆಳಿಗ್ಗೆ ಒಂದು ಗೆರೆ, ಸಂಜೆ ಒಂದು ಗೆರೆ ಹಾಕಿ ನೋಡಿ.

ಬೆನ್ನಿನ ಹುರಿ

ಪ್ರತಿ ಮೂಳೆಯಲ್ಲೂ ಹಿಂದುಗಡೆ ಒಂದು ತೂತು ಇದೆ. ಒಂದರ ಮೇಲೊಂದು ಮೂಳೆ ಕೂತಾಗ ತೂತೆಲ್ಲ ಸೇರಿ ಕೊಳವೆ ಆಗುತ್ತದೆ. ಆ ಕೊಳವೆಯೊಳಗೆ ಬೆನ್ನುಹುರಿ ಇದೆ. ಕರಿಮಣಿಯೊಳಗೆ ದಾರ ಇದ್ದ ಹಾಗೆ.

ಬೆನ್ನುಹುರಿ ಕಿರುಬೆರಳಿನಷ್ಟು ದಪ್ಪ. ಉದ್ದ ಸುಮಾರು ಒಂದು ಮೊಳ. ಒಂದು ಮೊಳ ಹೂವಿನಷ್ಟು ಅಂದುಕೊಳ್ಳಿ. ಅಷ್ಟೇ. ಆದರೆ ಮೆದುಳು ಕೈಕಾಲಿಗೆ ಹೇಳುವ ಮಾತೆಲ್ಲ ಅದರ ಮೂಲಕವೇ ಹೋಗಬೇಕು. ಕಾಲಿಗೆ ಮುಳ್ಳು ಚುಚ್ಚಿದ ಸುದ್ದಿಯೂ ಅದರ ಮೂಲಕವೇ ತಲೆಗೆ ಬರಬೇಕು. ಆ ಹುರಿಯಿಂದ 31 ಜೊತೆ ನರಗಳು ಹೊರಗೆ ಬಂದು ಮೈಗೆಲ್ಲ ಹರಡುತ್ತವೆ.

ಸಿಂಬೆಯ ಲೋಳೆ ಹೊರಗೆ ಉಬ್ಬಿ ಒಂದು ನರವನ್ನು ಒತ್ತಿದರೆ ಏನಾಗುತ್ತದೆ? ಸೊಂಟದಿಂದ ಕಾಲಿನವರೆಗೆ ಎಳೆದ ಹಾಗೆ ನೋವು ಬರುತ್ತದೆ. ಜೋಮು ಹಿಡಿಯುತ್ತದೆ. ಹುರಿಗೇ ಪೆಟ್ಟಾದರೆ ಕೈಕಾಲು ಬಿದ್ದುಹೋಗಬಹುದು. ನಮ್ಮ ಕಡೆ ಹುಣಸೆ ಮರ ಹತ್ತಿ ಬೀಳುವವರಿದ್ದಾರೆ. ಬಿದ್ದವರನ್ನು ಕೈಕಾಲು ಹಿಡಿದು ಎತ್ತಬೇಡಿ. ಎಬ್ಬಿಸಿ ಕೂರಿಸಬೇಡಿ. ಕುತ್ತಿಗೆ ಅಲುಗಾಡಿಸಬೇಡಿ. ಇದ್ದ ಹಾಗೇ ಮಲಗಿರಲಿ. 108ಕ್ಕೆ ಫೋನ್ ಮಾಡಿ. ಸಾಗಿಸಲೇಬೇಕಾದರೆ ನಾಲ್ಕು ಜನ ಸೇರಿ, ತಲೆ, ಬೆನ್ನು, ಸೊಂಟ ಒಂದೇ ಸಮ ಇರುವ ಹಾಗೆ ಹಲಗೆಯ ಮೇಲೆ ಹೊರಳಿಸಿಕೊಳ್ಳಿ.

ಬೆನ್ನಿನ ಡೊಂಕು

ಬೆನ್ನುಮೂಳೆ ಕೋಲಿನ ಹಾಗೆ ನೆಟ್ಟಗಿಲ್ಲ. ಪಕ್ಕದಿಂದ ನೋಡಿದರೆ ಹಾವಿನ ಹಾಗೆ ಡೊಂಕಾಗಿದೆ. ಹುಟ್ಟಿದ ಮಗುವಿನ ಬೆನ್ನು ಪೂರಾ ಗುಂಡಗಿರುತ್ತದೆ. ಮೂರು ತಿಂಗಳ ಹೊತ್ತಿಗೆ ಮಗು ಕುತ್ತಿಗೆ ನಿಲ್ಲಿಸುತ್ತದೆ. ಆಗ ಕುತ್ತಿಗೆಯ ಡೊಂಕು ಮೂಡುತ್ತದೆ. ವರ್ಷದ ಹೊತ್ತಿಗೆ ನಿಂತು ಹೆಜ್ಜೆ ಇಡುತ್ತದೆ. ಆಗ ಸೊಂಟದ ಡೊಂಕು ಮೂಡುತ್ತದೆ. ನೀವು ಕಂಡಿದ್ದೀರಿ. ಎಣ್ಣೆ ಹಚ್ಚಿ ನೀರು ಹಾಕಿದವರು ನೀವೇ. ಈ ಡೊಂಕು ಇರುವುದರಿಂದಲೇ ನಡೆಯುವಾಗ ತಲೆಗೆ ಧಕ್ಕೆ ಆಗುವುದಿಲ್ಲ.

ಆದ್ದರಿಂದ ನೆನಪಿಡಿ. ಮೂಳೆ ಬಿಡಿ ಬಿಡಿಯಾಗಿರಬೇಕು. ನಡುವೆ ಸಿಂಬೆ ಮೆತ್ತಗಿರಬೇಕು. ಕಟ್ಟಿದ ನಾರು ಎಳೆದರೆ ಬರಬೇಕು. ಆಗಲೇ ಅದು ಬಾಗುವ ಬೆನ್ನು.

ಬೆನ್ನು ಏಕಶಿಲೆ ಆದರೆ

ಮಧುಗಿರಿ ಬೆಟ್ಟ ನೋಡಿದ್ದೀರಿ. ಅದು ಏಕಶಿಲೆ. ಒಂದೇ ಕಲ್ಲು. ಬೆಟ್ಟ ಏಕಶಿಲೆಯಾದರೆ ನೋಡೋಕೆ ಚೆಂದ. ಬೆನ್ನು ಏಕಶಿಲೆಯಾದರೆ? ಆ ಅಜ್ಜಿಗೆ ಆಗಿದ್ದು ಅದೇ.

ನಮ್ಮ ನೆಲದ ಕೆಳಗೂ ಇಂಥದೇ ಕಲ್ಲು. ಈ ಕಲ್ಲಿನಲ್ಲಿ ಫ್ಲೋರೈಡ್ ಎನ್ನುವ ಒಂದು ಲವಣ ಇದೆ. ಕಲ್ಲಿನ ಸಂದಿಯಲ್ಲಿ ನೀರು ಬಹಳ ಕಾಲ ನಿಂತರೆ ಅದು ನೀರಿಗೆ ಇಳಿಯುತ್ತದೆ. ಹಿಂದೆ ನಾವು ಕೆರೆ ನೀರು, ಸೇದುವ ಬಾವಿ ನೀರು ಕುಡಿಯುತ್ತಿದ್ದೆವು. ಅದು ಮಳೆಯ ನೀರು, ಮೇಲಿನ ನೀರು. ಕೆರೆ ಒಣಗಿತು. ಬಾವಿ ಬತ್ತಿತು. ಬೋರ್ ಕೊರೆದೆವು. ನೀರು ಸಿಗಲಿಲ್ಲ. ಇನ್ನೂ ಆಳಕ್ಕೆ ಕೊರೆದೆವು. ಆಳದ ನೀರಿನ ಜೊತೆ ಫ್ಲೋರೈಡ್ ಬಂತು. ಪಾವಗಡ, ಶಿರಾ, ಮಧುಗಿರಿ ಕಡೆ ಎಷ್ಟೋ ಊರುಗಳಲ್ಲಿ ಹೀಗೇ ಆಗಿದೆ. ಕೊರಟಗೆರೆಯ ಕೆಲವು ಊರುಗಳಲ್ಲೂ ಇದೆ.

ಈ ನೀರಿಗೆ ಬಣ್ಣ ಇಲ್ಲ. ವಾಸನೆ ಇಲ್ಲ. ನಾಲಿಗೆಗೂ ಗೊತ್ತಾಗಲ್ಲ. ಕುಡಿದ ಫ್ಲೋರೈಡ್ ಸ್ವಲ್ಪ ಮೂತ್ರದಲ್ಲಿ ಹೋಗುತ್ತದೆ. ಉಳಿದದ್ದು ಹೋಗಿ ಮೂಳೆಯಲ್ಲಿ ಕೂರುತ್ತದೆ. ಮಕ್ಕಳಿಗೆ ಮೊದಲು ಹಲ್ಲಿನಲ್ಲಿ ಕಾಣುತ್ತದೆ. ಹಲ್ಲು ಹಳದಿ, ಕಂದು ಆಗುತ್ತದೆ. ಉಜ್ಜಿದರೂ ಹೋಗುವುದಿಲ್ಲ. ವರ್ಷಗಟ್ಟಲೆ ಕುಡಿದರೆ ಬೆನ್ನಿಗೆ ಬರುತ್ತದೆ. ಮೂಳೆಗೆ ಮೂಳೆ ಕಟ್ಟಿದ ನಾರುಗಳು ಸುಣ್ಣಗಟ್ಟುತ್ತವೆ. ಹಗ್ಗ ಹೋಗಿ ಕಡ್ಡಿ ಆದ ಹಾಗೆ. ಬೆನ್ನು ಬಗ್ಗುವುದಿಲ್ಲ. ಬಗ್ಗಿದ್ದು ನೆಟ್ಟಗಾಗುವುದಿಲ್ಲ. ಹುರಿ ಇರುವ ಕೊಳವೆಯೂ ಕಿರಿದಾಗುತ್ತದೆ. ಆಗ ಕಾಲು ಜೋಮು, ಕಾಲಿನಲ್ಲಿ ಶಕ್ತಿ ಇಲ್ಲ. ಈ ಕಾಯಿಲೆಯ ಹೆಸರು ಫ್ಲೋರೋಸಿಸ್. ನಮ್ಮ ದೇಶದಲ್ಲಿ ಇದು ಮೊದಲು ಬೆಳಕಿಗೆ ಬಂದದ್ದು 1937ರಲ್ಲಿ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಜಿಲ್ಲೆಯಲ್ಲಿ.

ಇದು ಅಂಟುರೋಗ ಅಲ್ಲ. ಶಾಪ ಅಲ್ಲ. ಆದರೆ ಒಂದು ಸಲ ಗಟ್ಟಿಯಾದ ಬೆನ್ನನ್ನು ಮೊದಲಿನ ಹಾಗೆ ಮಾಡುವ ಔಷಧಿ ಇಲ್ಲ. ಬೇಗ ನೀರು ಬದಲಾಯಿಸಿದರೆ ನೋವು ಕಡಿಮೆ ಆಗುತ್ತದೆ. ಮುಂದೆ ಹೋಗುವುದು ನಿಲ್ಲುತ್ತದೆ. ಆದ್ದರಿಂದ ಮೊದಲೇ ತಿಳಿಯಬೇಕು.

ಮೂರು ಪರೀಕ್ಷೆ

ಕೇಂದ್ರ ಸರ್ಕಾರ 2008-09ರಲ್ಲಿ ಫ್ಲೋರೋಸಿಸ್ ತಡೆಯುವ ಕಾರ್ಯಕ್ರಮ ಶುರು ಮಾಡಿತು. ಅದರಲ್ಲಿ ಮೂರು ಸುಲಭದ ಪರೀಕ್ಷೆ ಇದೆ. ಎದ್ದು ನಿಲ್ಲಿ. ಬಸುರಿಯರು, ತುಂಬಾ ನೋವಿರುವವರು ಮಾಡುವುದು ಬೇಡ.

ಒಂದು. ಮಂಡಿ ಮಡಿಸದೆ ಬಗ್ಗಿ ಕಾಲಿನ ಬೆರಳು ಮುಟ್ಟಿ.
ಎರಡು. ತಲೆ ಬಗ್ಗಿಸಿ ಗಲ್ಲವನ್ನು ಎದೆಗೆ ಮುಟ್ಟಿಸಿ.
ಮೂರು. ಎರಡೂ ಕೈ ಪಕ್ಕಕ್ಕೆ ಚಾಚಿ. ಮೊಣಕೈ ಮಡಿಸಿ ತಲೆಯ ಹಿಂಭಾಗ ಮುಟ್ಟಿ.

ಆಗಲಿಲ್ಲ ಅಂದ ಕೂಡಲೇ ಹೆದರಬೇಡಿ. ಬೆನ್ನು ನೋವೆಲ್ಲ ಫ್ಲೋರೈಡಿನದೇ ಅಲ್ಲ. ಮುಟ್ಟು ನಿಂತ ಮೇಲೆ ಹೆಂಗಸರ ಮೂಳೆ ಸವೆದು ಗೂನು ಬರುವುದುಂಟು. ಕ್ಷಯ ರೋಗ ಬೆನ್ನುಮೂಳೆಗೂ ಬರುವುದುಂಟು. ಆಗ ಸಂಜೆ ಜ್ವರ ಬರಬಹುದು, ಮೈ ಇಳಿಯಬಹುದು. ಅದು ಔಷಧಿಯಿಂದ ವಾಸಿಯಾಗುತ್ತದೆ. ಸರ್ಕಾರಿ ಆಸ್ಪತ್ರೆಯಲ್ಲಿ ಔಷಧಿಗೆ ದುಡ್ಡು ಕೊಡಬೇಕಿಲ್ಲ. ಯಾವುದು ಅಂತ ಡಾಕ್ಟರೇ ಹೇಳಬೇಕು. ಕಾಲು ಜೋಮು ಹಿಡಿದರೆ, ಕಾಲಿನ ಶಕ್ತಿ ಕುಂದಿದರೆ, ಮೂತ್ರದ ಹಿಡಿತ ತಪ್ಪಿದರೆ ಒಂದು ದಿನವೂ ತಡ ಮಾಡಬೇಡಿ.

ಕಾಯಿಸಿದರೆ ಹೋಗುತ್ತದೆಯೇ?

ಬಹಳ ಜನ ಇದನ್ನು ಕೇಳುತ್ತಾರೆ. ಇಲ್ಲ. ಕಾಯಿಸಿದರೆ ಕ್ರಿಮಿ ಸಾಯುತ್ತದೆ. ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಫ್ಲೋರೈಡ್ ಪಾತ್ರೆಯಲ್ಲೇ ಉಳಿಯುತ್ತದೆ. ಸಾರು ಕುದಿಸಿ ಇಂಗಿಸಿದರೆ ಉಪ್ಪು ಜಾಸ್ತಿ ಆಗಲ್ವಾ? ಹಾಗೆ. ಬಟ್ಟೆಯಲ್ಲಿ ಸೋಸಿದರೂ ಹೋಗುವುದಿಲ್ಲ.

ಹಾಗಾದರೆ ಏನು ಮಾಡಬೇಕು?

ಊರಿನಲ್ಲಿ ಶುದ್ಧ ನೀರಿನ ಘಟಕ ಇದ್ದರೆ ಅದರ ನೀರು ತನ್ನಿ. ಅದು ಕೆಟ್ಟು ನಿಂತಿದ್ದರೆ ಪಂಚಾಯತಿಯಲ್ಲಿ ಕೇಳಿ. ಒಬ್ಬರೇ ಹೋಗಬೇಡಿ. ಹತ್ತು ಜನ ಹೋಗಿ. ಆ ನೀರು ಕುಡಿಯೋಕೆ ಮಾತ್ರ ಅಲ್ಲ. ಅಡುಗೆಗೂ ಅದೇ ಬೇಕು. ಕುಡಿಯೋದು ಫಿಲ್ಟರ್ ನೀರು, ಮುದ್ದೆಗೆ ಎಸರಿಡೋದು ಬೋರ್ ನೀರು ಅಂದರೆ ಅರ್ಧ ಕೆಲಸ ಕೆಟ್ಟ ಹಾಗೆ. ಬಟ್ಟೆ ಒಗೆಯೋಕೆ, ಸ್ನಾನಕ್ಕೆ ಬೋರ್ ನೀರು ಇರಲಿ. ಮಳೆ ನೀರಿನಲ್ಲಿ ಫ್ಲೋರೈಡ್ ಇಲ್ಲವೆಂದೇ ಹೇಳಬೇಕು. ಮೊದಲ ಮಳೆಯಲ್ಲಿ ಸೂರು ತೊಳೆದುಹೋಗಲಿ. ಆಮೇಲೆ ಬಂದ ನೀರು ಹಿಡಿದು, ಮುಚ್ಚಿಟ್ಟು, ಕಾಯಿಸಿ ಕುಡಿಯಬಹುದು.

ಊಟವೂ ಮುಖ್ಯ. ಮೂಳೆಗೆ ಸುಣ್ಣದ ಅಂಶ ಬೇಕು. 100 ಗ್ರಾಂ ಅಕ್ಕಿಯಲ್ಲಿ ಅದು ಸುಮಾರು 10 ಮಿಲಿಗ್ರಾಂ. ಅಷ್ಟೇ ರಾಗಿಯಲ್ಲಿ ಸುಮಾರು 350. ಮುದ್ದೆ ಬಡವರ ಊಟ ಅಂತ ಬಿಡಬೇಡಿ. ನುಗ್ಗೆಸೊಪ್ಪು, ಹಾಲು, ಮಜ್ಜಿಗೆ, ನೆಲ್ಲಿಕಾಯಿ ತಿನ್ನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆಹಣ್ಣು ಕೊಟ್ಟು ನೋಡಿದರು. ಮೂತ್ರದಲ್ಲಿ ಫ್ಲೋರೈಡ್ ಹೊರಗೆ ಹೋಗುವುದು ಹೆಚ್ಚಾಯಿತು. 2002ರಲ್ಲಿ ಇದನ್ನು ಪ್ರಕಟಿಸಿದರು. ನಮ್ಮ ಹುಣಸೆ ಸಾರು ಒಳ್ಳೆಯದೇ. ಆದರೆ ಸಾರು ಕುಡಿದು ಕೆಟ್ಟ ನೀರನ್ನೂ ಕುಡಿಯುತ್ತೇವೆ ಅಂದರೆ ಆಗದು. ಕಪ್ಪು ಉಪ್ಪು, ಅಡಿಕೆ, ಹೊಗೆಸೊಪ್ಪು ಬಿಡಿ.

ಭಾರ ಎತ್ತುವಾಗ

ಇನ್ನೊಂದು ಮಾತು. ನಾಟಿ ಮಾಡುವಾಗ, ಕಳೆ ಕೀಳುವಾಗ ನಾವು ದಿನವೆಲ್ಲ ಬಗ್ಗಿರುತ್ತೇವೆ. ಬೆನ್ನು ಬಾಗುವುದಕ್ಕೇ ಇರುವುದು ನಿಜ. ಆದರೆ ಬಾಗಿದ್ದು ಆಗಾಗ ನೆಟ್ಟಗಾಗಬೇಕು. ಅರ್ಧ ಗಂಟೆಗೊಮ್ಮೆ ಎದ್ದು ನಿಂತು ಸೊಂಟಕ್ಕೆ ಕೈಕೊಟ್ಟು ಹಿಂದಕ್ಕೆ ವಾಲಿ. ಬಿಂದಿಗೆ ಎತ್ತುವಾಗ ಸೊಂಟ ಬಗ್ಗಿಸಬೇಡಿ, ಮಂಡಿ ಬಗ್ಗಿಸಿ. ಬಿಂದಿಗೆ ಮೈಗೆ ಹತ್ತಿರ ಇರಲಿ. ಎತ್ತಿದ ಮೇಲೆ ಸೊಂಟ ತಿರುಚಬೇಡಿ, ಹೆಜ್ಜೆ ತಿರುಗಿಸಿ. ಯಾವಾಗಲೂ ಒಂದೇ ಕಂಕುಳಲ್ಲಿ ಹೊರಬೇಡಿ. ಮನೆಯ ಗಂಡಸರೂ ಎರಡು ಬಿಂದಿಗೆ ಹೊರಲಿ. ಅದರಿಂದ ಯಾರ ಮಾನವೂ ಹೋಗುವುದಿಲ್ಲ.

ಚುಕ್ಕೆಯ ಬೆಲೆ

ಕೊನೆಗೆ ಒಂದು ಅಂಕಿ ಕಲಿಯೋಣ. ಸ್ಲೇಟಿನಲ್ಲಿ ಬರೆಯಿರಿ. 1.5. ನಡುವೆ ಚುಕ್ಕೆ ಇದೆ. ಇದು ಹದಿನೈದು ಅಲ್ಲ. ಒಂದೂವರೆ. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಮಿಲಿಗ್ರಾಂ ಒಳಗೆ ಇದ್ದರೆ ಒಳ್ಳೆಯದು. ಬೇರೆ ನೀರೇ ಇಲ್ಲದ ಕಡೆ 1.5ರವರೆಗೆ ಇರಬಹುದು. ಅದಕ್ಕಿಂತ ಜಾಸ್ತಿ ಇರಬಾರದು. ಪಂಚಾಯತಿಯಲ್ಲಿ ನೀರಿನ ಪರೀಕ್ಷೆಯ ಚೀಟಿ ಕೇಳಿ. ಫ್ಲೋರೈಡ್ ಅಂತ ಬರೆದಿರುವ ಕಡೆ ಬೆರಳಿಡಿ. ಅದರ ಮುಂದಿನ ಅಂಕಿ ಓದಿ. 2019ರಲ್ಲಿ ಶುರುವಾದ ಜಲಜೀವನ್ ಮಿಷನ್ನಿನಲ್ಲಿ ಪ್ರತಿ ಊರಿನ ಐದು ಹೆಂಗಸರಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಇದೆ. ನೀರಿಗೆ ಔಷಧಿಯ ಹನಿ ಹಾಕಿ, ಬಣ್ಣ ಹೋಲಿಸಿ ನೋಡುವುದು. ಸಾರು ಹದ ನೋಡುವವರಿಗೆ ಇದು ಕಷ್ಟವಲ್ಲ. ನಿಮ್ಮ ಊರಿನ ಆ ಐದು ಜನ ಯಾರು? ಇಲ್ಲದಿದ್ದರೆ ನೀವೇ ಯಾಕಾಗಬಾರದು?

ಆ ಅಜ್ಜಿಯ ಮಾತು ಹೇಳಿ ಮುಗಿಸುತ್ತೇವೆ. ಅವರು ಓದೋಕೆ ಕಲಿತರು. ಒಂದು ದಿನ ಪಂಚಾಯತಿಯಿಂದ ನೀರಿನ ಚೀಟಿ ತಂದೆವು. ಅಜ್ಜಿ ಅದನ್ನೂ ಮುಖದ ಎದುರಿಗೆ ಎತ್ತಿ ಹಿಡಿದರು. ಅಕ್ಷರ ಕೂಡಿಸಿ ಕೂಡಿಸಿ "ಫ್ಲೋ-ರೈ-ಡ್" ಅಂತ ಓದಿದರು. ಅಂಕಿ ಒಂದೂವರೆ ದಾಟಿತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಪಕ್ಕದಲ್ಲಿ ಮೊಮ್ಮಗಳು ತೊಂಬೆಯ ನೀರು ಲೋಟಕ್ಕೆ ಹಿಡಿದುಕೊಂಡು ಬಂದಿದ್ದಳು. ಅಜ್ಜಿ ಲೋಟ ಇಸಿದುಕೊಂಡು ಗಿಡಕ್ಕೆ ಚೆಲ್ಲಿದರು.

"ಈ ನೀರು ಬೇಡ ಮಗಾ. ನನ್ನ ಬೆನ್ನು ಹೋಯ್ತು, ಹೋಗಲಿ. ನಿನ್ನದು ಬಾಗೋ ಹಾಗೇ ಉಳೀಲಿ" ಅಂದರು.

ನಾಳೆ ಬರುವಾಗ ನಿಮ್ಮ ಕೇರಿಯ ನೀರಿನ ಅಂಕಿ ಕೇಳಿಕೊಂಡು ಬನ್ನಿ. ಎಲ್ಲರೂ ಸ್ಲೇಟಿನಲ್ಲಿ ಬರೆದು ಓದೋಣ.